ಬಸವನ ಹುಳುವೂ ಕೊಡಗಿನ ಅರಸನೂ

ಕಕ್ಕಡದ ಮಳೆ. ಕರೆಂಟು ಹೋಗಿ ಎರಡನೇ ದಿನ. ಎಲ್‌ಎಲ್‌ಬಿ ಓದುತ್ತಿರುವ ಅಣ್ಣನ ಮಗಳು ಪರೀಕ್ಷೆಗೆ ಓದಿಕೊಳ್ಳಲು ಮಡಿಕೇರಿಗೆ ಬಂದಿದ್ದಳು. ಎಮರ್ಜೆನ್ಸಿ ಲ್ಯಾಂಪಿನ ಬೆಳಕಲ್ಲಿ ಒಂದು ಗೈಡು ತಂದು ನನ್ನ ಕೈಗೆ ಕೊಟ್ಟಳು.

“ಚಿಕ್ಕಪ್ಪ, ನೀವು ಕೇಸಿನ ಹೆಸರು ಹೇಳಿ ಸಾಕು. ಉಳಿದದ್ದು ನಾನು ಹೇಳ್ತೇನೆ.”

“ಡೊನಹ್ಯೂ ವರ್ಸಸ್ ಸ್ಟೀವನ್‌ಸನ್?”

“1932. ಬಸವನ ಹುಳು. ಡ್ಯೂಟಿ ಆಫ್ ಕೇರ್.”

“ರೈಲ್ಯಾಂಡ್ಸ್ ವರ್ಸಸ್ ಫ್ಲೆಚರ್?”

“1868. ನೀರು. ಸ್ಟ್ರಿಕ್ಟ್ ಲಯಬಿಲಿಟಿ.”

“ಕಾರ್ಲಿಲ್?”

“1893. ಸ್ಮೋಕ್ ಬಾಲ್. ಜನರಲ್ ಆಫರ್.”

“ಡಡ್ಲಿ ಆಂಡ್ ಸ್ಟೀಫನ್ಸ್?”

“1884. ನರಮಾಂಸ. ಹಸಿವು ಕೊಲೆಗೆ ನೆಪ ಅಲ್ಲ.”

ಮೈಸೂರು ಬಸ್ಸಿನ ಕಂಡಕ್ಟರು ಸುಂಟಿಕೊಪ್ಪ, ಕುಶಾಲನಗರ, ಬೈಲುಕುಪ್ಪೆ ಅಂತ ಕೂಗಿದ ಹಾಗೆ ಹೇಳುತ್ತಾ ಹೋದಳು. ಒಂದೂ ತಪ್ಪಲಿಲ್ಲ. ನನಗೆ ಸಂತೋಷವೇ ಆಯ್ತು. ಆದರೂ ವಕೀಲಿಕೆಯ ಚಟ, ಒಂದು ಅಡ್ಡಪ್ರಶ್ನೆ ಹಾಕಿದೆ: “ಆ ಬಾಟಲಿಯಲ್ಲಿ ಹುಳು ಇತ್ತು ಅಂತ ಕೋರ್ಟಲ್ಲಿ ಸಾಬೀತಾಯ್ತಾ?”

ಒಂದು ಗಳಿಗೆ ಸುಮ್ಮನಿದ್ದಳು. “ಅದು ಪರೀಕ್ಷೆಗೆ ಬರೋದಿಲ್ಲ ಚಿಕ್ಕಪ್ಪ.”

ಅವಳು ಹೇಳಿದ್ದು ಸರಿ. ಬರುವುದಿಲ್ಲ. ಅವಳು ಮಲಗಿದ ಮೇಲೆ ಆ ಗೈಡನ್ನು ಹಾಳೆ ಬಿಡದೆ ಓದಿದೆ. ಈ ಅಂಕಣ ಆ ಗೈಡಿನ ಬಗ್ಗೆ. ಹೆಸರು ಹೇಳುವುದಿಲ್ಲ, ಯಾಕೆಂದರೆ ಇದೇ ಥರದ್ದು ಹತ್ತಾರು ಇವೆ. ಒಂದನ್ನು ಮಾತ್ರ ಬಯ್ದರೆ ಉಳಿದವಕ್ಕೆ ಸುಮ್ಮನೆ ಮರ್ಯಾದೆ ಕೊಟ್ಟ ಹಾಗೆ. ನಾನೂ ಇಂಥದ್ದನ್ನೇ ಓದಿ ಪಾಸಾದವನು. ಪಿಯುಸಿ ತನಕ ಕನ್ನಡದಲ್ಲಿ ಓದಿದ ಹುಡುಗ ಹುಡುಗಿಯರ ಮುಂದೆ ನೂರು ವರ್ಷ ಹಳೆಯ ಇಂಗ್ಲಿಷಿನ ತೀರ್ಪು ಇಟ್ಟರೆ ಅವರು ಗೈಡು ಹುಡುಕದೆ ಇನ್ನೇನು ಮಾಡ್ತಾರೆ? ಹಾಗಾಗಿ ಗೈಡು ಇರಬಾರದು ಅಂತ ನನ್ನ ತಕರಾರಲ್ಲ. ಕೇಸಿನಿಂದ ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಸಾಡಿದ್ದಾರೆ ಅನ್ನುವುದು ನನ್ನ ತಕರಾರು.

ಟಾರ್ಟ್, ಕರಾರು, ಕ್ರಿಮಿನಲ್, ಸಂವಿಧಾನ ಅಂತ ಗೈಡಿನಲ್ಲಿ ನಾಲ್ಕು ಭಾಗ. ಪ್ರತಿ ಕೇಸಿಗೆ ಮೂರರಿಂದ ಐದು ಸಾಲು. ಹೆಸರು, ಇಸವಿ, ದಪ್ಪ ಅಕ್ಷರದಲ್ಲಿ ಒಂದು ತತ್ವ. ಯಾವ ಊರು, ಯಾವ ಕೋರ್ಟು, ನ್ಯಾಯಮೂರ್ತಿಗಳು ಒಮ್ಮತದಲ್ಲಿದ್ದರೋ ಇಲ್ಲವೋ, ಸೋತವನ ವಾದ ಏನಿತ್ತು, ಕೇಸು ಕೊನೆಗೆ ಏನಾಯ್ತು, ನಮ್ಮ ದೇಶದ ಕೋರ್ಟುಗಳು ಅದನ್ನು ಒಪ್ಪಿದವೋ ತಳ್ಳಿದವೋ, ಯಾವುದೂ ಇಲ್ಲ. ಸಿಪ್ಪೆ ಸುಲಿದು ಬೀಜ ಕೊಟ್ಟಿದ್ದೇವೆ ಅನ್ನುವುದು ಇವರ ಧೋರಣೆ. ಕಾಫಿ ಬೆಳೆಯುವ ಊರಿನವನಾಗಿ ಹೇಳುತ್ತೇನೆ, ಸಿಪ್ಪೆ ಸಮೇತ ಒಣಗಿಸಿದ ಚೆರ್ರಿಗೂ ಪಲ್ಪ್ ಮಾಡಿದ ಪಾರ್ಚ್‌ಮೆಂಟಿಗೂ ರುಚಿಯೇ ಬೇರೆ. ಸಿಪ್ಪೆಯಲ್ಲಿ ಏನೂ ಇಲ್ಲ ಅನ್ನುವವನು ಕಾಫಿ ಕುಡಿದವನಲ್ಲ.

ಬಸವನ ಹುಳುವಿನ ಕತೆಯನ್ನೇ ನೋಡಿ. 1928ರ ಆಗಸ್ಟ್ 26. ಸ್ಕಾಟ್ಲೆಂಡಿನ ಗ್ಲಾಸ್ಗೋ ಹತ್ತಿರದ ಪೈಸ್ಲಿ ಅನ್ನುವ ಊರು. ಅಂಗಡಿಯಲ್ಲಿ ಕೆಲಸಕ್ಕಿದ್ದ ಮೇ ಡೊನಹ್ಯೂ ಅನ್ನುವ ಬಡ ಹೆಂಗಸು ಗೆಳತಿಯ ಜೊತೆ ಒಂದು ಕೆಫೆಗೆ ಹೋದಳು. ದುಡ್ಡು ಕೊಟ್ಟದ್ದು ಗೆಳತಿ. ಜಿಂಜರ್ ಬಿಯರಿನ ಬಾಟಲಿ ಬಣ್ಣದ ಗಾಜಿನದು, ಒಳಗೆ ಏನಿದೆ ಅಂತ ಕಾಣುತ್ತಿರಲಿಲ್ಲ. ಅರ್ಧ ಕುಡಿದ ಮೇಲೆ ಉಳಿದದ್ದನ್ನು ಬಗ್ಗಿಸಿದಾಗ ಕೊಳೆತ ಬಸವನ ಹುಳು ತೇಲಿ ಬಂತು, ಅದರಿಂದ ಕಾಯಿಲೆ ಬಿದ್ದೆ ಅನ್ನುವುದು ಅವಳ ದೂರು. ಕೊಂಡವಳು ಗೆಳತಿಯಾದ್ದರಿಂದ ಕೆಫೆಯವನ ಜೊತೆ ಡೊನಹ್ಯೂಗೆ ಯಾವ ಕರಾರೂ ಇಲ್ಲ. ಬಾಟಲಿ ತುಂಬಿದ ಸ್ಟೀವನ್‌ಸನ್ನನ ಮುಖವನ್ನೇ ಅವಳು ನೋಡಿಲ್ಲ. ಹಾಗಾದರೆ ಯಾರ ಮೇಲೆ ದಾವಾ ಹೂಡುವುದು?

ಇಲ್ಲಿ ಗೈಡು ಬಿಟ್ಟುಬಿಡುವ ಒಬ್ಬ ಮನುಷ್ಯ ಬರುತ್ತಾನೆ, ಅವಳ ವಕೀಲ ವಾಲ್ಟರ್ ಲೀಚ್‌ಮನ್. ಇದಕ್ಕೆ ಕೆಲವೇ ವಾರಗಳ ಮುಂಚೆ ಆತ ಇಂಥದ್ದೇ ಕೇಸು ಸೋತಿದ್ದ. ಅಲ್ಲಿ ಬಾಟಲಿಯಲ್ಲಿದ್ದದ್ದು ಇಲಿ. ತಯಾರಕನಿಗೆ ಗ್ರಾಹಕನ ಮೇಲೆ ಅಂಥ ಹೊಣೆ ಇಲ್ಲ ಅಂತ ಸ್ಕಾಟ್ಲೆಂಡಿನ ಕೋರ್ಟು ಹೇಳಿ ಕಳಿಸಿತ್ತು. ಸೋತ ಕಾಗದದ ಮಸಿ ಆರುವ ಮೊದಲೇ ಆತ ಹುಳುವಿನ ಕೇಸು ಹಿಡಿದ. ಡೊನಹ್ಯೂ ತನ್ನ ಬಳಿ ಐದು ಪೌಂಡಿನ ಆಸ್ತಿಯೂ ಇಲ್ಲ ಅಂತ ಪ್ರಮಾಣ ಮಾಡಿ, ಬಡವಳೆಂಬ ನೆಲೆಯಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋದಳು. 1932ರ ಮೇ 26ರಂದು ಐದು ಜನರಲ್ಲಿ ಮೂವರು ಅವಳ ಪರ, ಇಬ್ಬರು ವಿರುದ್ಧ. ಒಬ್ಬರು ಆ ಕಡೆ ವಾಲಿದ್ದರೆ ನಮ್ಮ ಗೈಡಿನಲ್ಲಿ ಈ ಪುಟ ಇರುತ್ತಿರಲಿಲ್ಲ.

ಮತ್ತೆ ನನ್ನ ಪ್ರಶ್ನೆಗೆ ಉತ್ತರ: ಹುಳು ಇತ್ತು ಅಂತ ಎಂದೂ ಸಾಬೀತಾಗಲಿಲ್ಲ. ಲಾರ್ಡ್ಸ್ ಮುಂದೆ ಇದ್ದದ್ದು, ಇವಳು ಹೇಳಿದ್ದೆಲ್ಲ ನಿಜ ಅಂತಲೇ ಇಟ್ಟುಕೊಂಡರೆ ಕಾನೂನು ಪರಿಹಾರ ಕೊಡುತ್ತದೋ ಇಲ್ಲವೋ ಅನ್ನುವ ಪ್ರಶ್ನೆ ಮಾತ್ರ. ಸಾಕ್ಷಿ ವಿಚಾರಣೆ ಆಮೇಲೆ ಆಗಬೇಕಿತ್ತು. ಅಷ್ಟರಲ್ಲಿ ಸ್ಟೀವನ್‌ಸನ್ ತೀರಿಕೊಂಡ, ಕೇಸು ರಾಜಿಯಾಯ್ತು.

ಇದು ಬರೀ ಸ್ವಾರಸ್ಯದ ಸಂಗತಿಯಾ? ಅಲ್ಲ. ನಾಳೆ ಈ ಹುಡುಗಿ ಕರಿ ಕೋಟು ಹಾಕಿಕೊಂಡು ಮುನ್ಸಿಫ್ ಕೋರ್ಟಿಗೆ ಬಂದರೆ ಮೊದಲ ತಿಂಗಳಲ್ಲೇ ಎದುರು ವಕೀಲರು ಆರ್ಡರ್ ಸೆವೆನ್ ರೂಲ್ ಇಲೆವೆನ್ ಅಂತ ಒಂದು ಐಎ ಹಾಕುತ್ತಾರೆ. ದಾವಾದಲ್ಲಿ ಬರೆದದ್ದೆಲ್ಲ ನಿಜ ಅಂತ ಇಟ್ಟುಕೊಂಡರೂ ಇದರಲ್ಲಿ ದಾವಾ ಹೂಡಲು ಕಾರಣವೇ ಇಲ್ಲ, ತಿರಸ್ಕರಿಸಿ ಅಂತ ಅದರ ಅರ್ಥ. ಆಗ ಅವಳು ಸಾಕ್ಷಿ ಇದೆ ಸ್ವಾಮಿ, ದಾಖಲೆ ಇದೆ ಸ್ವಾಮಿ ಅಂತ ಒದ್ದಾಡುತ್ತಾಳೆ. ಅದು ಆ ಹಂತದ ಉತ್ತರ ಅಲ್ಲ. ಬಸವನ ಹುಳುವಿನ ಕೇಸು ಅಂಥದ್ದೇ ಹಂತದಲ್ಲಿ ಗೆದ್ದ ಕೇಸು. ಅದನ್ನು ಪೂರ್ತಿ ಓದಿದವಳಿಗೆ ಆ ದಿನ ಎದ್ದು ನಿಂತು ಏನು ಹೇಳಬೇಕು ಅಂತ ಗೊತ್ತಿರುತ್ತದೆ. ‘ಡ್ಯೂಟಿ ಆಫ್ ಕೇರ್’ ಅಂತ ಬಾಯಿಪಾಠ ಮಾಡಿದವಳಿಗೆ ಗೊತ್ತಿರುವುದಿಲ್ಲ.

ಇನ್ನು ನೀರಿನ ಕೇಸು. ಕೊಡಗಿನವರಿಗೆ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ.

ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ರೈಲ್ಯಾಂಡ್ಸ್ ಅನ್ನುವ ಗಿರಣಿ ಮಾಲೀಕ ಕಂಟ್ರಾಕ್ಟರನ್ನು ಇಟ್ಟು ಒಂದು ಜಲಾಶಯ ಕಟ್ಟಿಸಿದ. ತಳದಲ್ಲಿ ಹಳೆಯ ಗಣಿಯ ಬಾವಿಗಳಿದ್ದವು. 1860ರ ಡಿಸೆಂಬರಿನಲ್ಲಿ ನೀರು ಅವುಗಳ ಮೂಲಕ ಇಳಿದು ಪಕ್ಕದ ಫ್ಲೆಚರನ ಕಲ್ಲಿದ್ದಲ ಗಣಿಯನ್ನು ಮುಳುಗಿಸಿತು. ಅಪಾಯದ ವಸ್ತುವನ್ನು ತನ್ನ ಜಮೀನಿಗೆ ತಂದು ಇಟ್ಟುಕೊಂಡವನು, ಅದು ತಪ್ಪಿಸಿಕೊಂಡು ಹೋಗಿ ಮಾಡುವ ಹಾನಿಗೆ ತಾನು ಎಚ್ಚರ ತಪ್ಪದಿದ್ದರೂ ಹೊಣೆ ಅಂತ ತೀರ್ಪಾಯ್ತು. ಜಮೀನಿನ ಸಹಜವಲ್ಲದ ಬಳಕೆ ಅನ್ನುವ ಷರತ್ತನ್ನು 1868ರಲ್ಲಿ ಲಾರ್ಡ್ಸ್ ಸೇರಿಸಿತು.

ಗೈಡಿನಲ್ಲಿ ಇದರ ಕೆಳಗೆ ‘ವಿನಾಯಿತಿಗಳು’ ಅಂತ ಒಂದು ಪಟ್ಟಿ. ಅದರಲ್ಲಿ ‘ದೈವಕೃತ್ಯ: ನಿಕೋಲ್ಸ್ ವರ್ಸಸ್ ಮಾರ್ಸ್‌ಲ್ಯಾಂಡ್, 1876’ ಅಂತ ಒಂದೇ ಸಾಲು. ಏನಿದು? ಚೆಷೈರಿನಲ್ಲಿ ಒಬ್ಬರು ತೊರೆಗೆ ಅಡ್ಡಕಟ್ಟಿ ಅಂದಕ್ಕೆಂದು ಕೊಳಗಳನ್ನು ಮಾಡಿಕೊಂಡಿದ್ದರು. ಆ ಸೀಮೆಯಲ್ಲಿ ಯಾರೂ ಕಾಣದಂಥ ಮಳೆ ಸುರಿದು ಕಟ್ಟೆ ಒಡೆದು ನಾಲ್ಕು ಸೇತುವೆ ಕೊಚ್ಚಿಕೊಂಡು ಹೋದವು. ಯಾರೂ ನಿರೀಕ್ಷಿಸಲಾಗದ ಮಳೆ, ಆದ್ದರಿಂದ ಹೊಣೆ ಇಲ್ಲ ಅಂದಿತು ಕೋರ್ಟು. ಅದೇ ಲಾರ್ಡ್ಸ್ 1917ರಲ್ಲಿ ಸ್ಕಾಟ್ಲೆಂಡಿನ ಗ್ರೀನಕ್ ಊರಿನ ಕೇಸಿನಲ್ಲಿ ಉಲ್ಟಾ ಹೇಳಿತು. ಅಲ್ಲಿ ಪುರಸಭೆಯವರು ಮಕ್ಕಳು ಆಡುವ ಕೊಳಕ್ಕಾಗಿ ತೊರೆಯ ದಾರಿ ಬದಲಿಸಿದ್ದರು. ಭಾರೀ ಮಳೆಗೆ ನೀರು ಉಕ್ಕಿ ರೈಲ್ವೆಯವರ ಆಸ್ತಿಗೆ ನುಗ್ಗಿತು. ಇಂಥ ಮಳೆ ಸ್ಕಾಟ್ಲೆಂಡಿನಲ್ಲಿ ದೈವಕೃತ್ಯ ಅಲ್ಲ, ತೊರೆಗೆ ಕೈ ಹಾಕಿದವನು ಅದನ್ನು ಎಣಿಸಿಕೊಳ್ಳಬೇಕು ಅಂತ.

ಎರಡು ಕೇಸನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ಪ್ರಶ್ನೆ ತಾನಾಗಿ ಹುಟ್ಟುತ್ತದೆ: ಭಾಗಮಂಡಲದಲ್ಲಿ ಎಷ್ಟು ಇಂಚು ಬಿದ್ದರೆ ಅದು ದೈವಕೃತ್ಯ? ಇಂಗ್ಲೆಂಡಿನಲ್ಲಿ ‘ಕಂಡು ಕೇಳರಿಯದ ಮಳೆ’ ಅನ್ನುವುದು ನಮ್ಮಲ್ಲಿ ಒಂದು ಮಧ್ಯಾಹ್ನದ ಮಳೆ. ಇದು ತಮಾಷೆಯ ಮಾತಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡಗಳು ಜಾರಿದ್ದನ್ನು ಕಣ್ಣಾರೆ ಕಂಡಿದ್ದೇವೆ. 2019ರಲ್ಲಿ ವಿರಾಜಪೇಟೆ ಹತ್ತಿರದ ತೋರ, 2020ರಲ್ಲಿ ತಲಕಾವೇರಿಯ ಬೆಟ್ಟ. ಇಳಿಜಾರು ಕಡಿದು ಸಮ ಮಾಡಿದವರು, ಗುಡ್ಡದ ಮೇಲೆ ಕೆರೆ ತೋಡಿಸಿದವರು, ರಸ್ತೆಗೆಂದು ಮಣ್ಣು ತೆಗೆದವರು ಇದ್ದೇ ಇದ್ದಾರೆ. ಕೆಳಗಿನ ಮನೆಯವನು ನಾಳೆ ದಾವಾ ಹೂಡಿದರೆ ಎದುರಿನವನ ಮೊದಲ ಜವಾಬು ‘ದೇವರು ಮಾಡಿದ್ದು ಸ್ವಾಮಿ’ ಅಂತಲೇ. ಆಗ ಮಳೆಯ ಲೆಕ್ಕ ಕೇಳಬೇಕು, ತೋಟಗಳಲ್ಲಿ ಅಜ್ಜಂದಿರ ಕಾಲದಿಂದ ಬರೆದಿಟ್ಟ ಮಳೆ ಪುಸ್ತಕ ತರಿಸಬೇಕು, ಈ ಇಳಿಜಾರಿಗೆ ಈ ಮಳೆ ಹೊಸದಾ ಅಂತ ಕೇಳಬೇಕು. ಒಂದು ಸಾಲಿನ ಗೈಡು ಓದಿದ ವಕೀಲರು ‘ದೈವಕೃತ್ಯ ವಿನಾಯಿತಿ’ ಅಂತ ಓದಿದ ನೆನಪಲ್ಲಿ ರಾಜಿಗೆ ಒಪ್ಪಿಸಿ ಬಿಡುತ್ತಾರೆ.

ಇದಕ್ಕಿಂತ ದೊಡ್ಡ ಲೋಪ ಇನ್ನೊಂದು. 1874ರಲ್ಲೇ ಪ್ರಿವಿ ಕೌನ್ಸಿಲ್ ನಮ್ಮ ಪಕ್ಕದ ಸೀಮೆಯ ಒಂದು ಕೇಸಿನಲ್ಲಿ ರೈಲ್ಯಾಂಡ್ಸನ್ನು ಅಳೆದು ನೋಡಿತ್ತು. ಮದ್ರಾಸ್ ರೈಲ್ವೆ ಕಂಪನಿಗೂ ಕಾರ್ವೇಟಿನಗರದ ಜಮೀನ್ದಾರರಿಗೂ ವ್ಯಾಜ್ಯ. ಈಗ ಅದು ಆಂಧ್ರದ ಚಿತ್ತೂರು ಸೀಮೆ. ಮಳೆಗೆ ಕೆರೆಗಳು ಒಡೆದು ರೈಲು ದಾರಿ ಹಾಳಾಯ್ತು, ರೈಲ್ಯಾಂಡ್ಸ್ ಪ್ರಕಾರ ಜಮೀನ್ದಾರ ಕೊಡಬೇಕು ಅಂದಿತು ರೈಲ್ವೆ. ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಗಿರಣಿಯವನು ತನ್ನ ಲಾಭಕ್ಕೆ ಕಟ್ಟಿಸಿದ ಜಲಾಶಯವೇ ಬೇರೆ. ಈ ದೇಶದಲ್ಲಿ ಕೆರೆ ಅನ್ನುವುದು ಪ್ರಾಚೀನ ಕಾಲದಿಂದ ಬೇಸಾಯಕ್ಕೆ ಬೇಕೇಬೇಕಾದದ್ದು, ಅದನ್ನು ಕಾಪಾಡುವುದು ಜಮೀನ್ದಾರನ ಕರ್ತವ್ಯ, ಆದ್ದರಿಂದ ಅವನ ಅಜಾಗ್ರತೆ ತೋರಿಸದೆ ಹೊಣೆ ಹೊರಿಸಲಾಗದು ಅಂದಿತು. ಲಂಡನ್ನಿನಲ್ಲಿ ಕೂತವರು ‘ಇಂಗ್ಲಿಷ್ ನಿಯಮ ಅಲ್ಲಿಗೆ ಹೊಂದುತ್ತದಾ’ ಅಂತ ಕೇಳಿದ್ದರು. ಬೆಟ್ಟದ ಮೇಲೆ ಕೂತ ನಾವು ಕೇಳುವುದಿಲ್ಲ! ಮುಂದೆ 1985ರಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದ ಮೇಲೆ ಸುಪ್ರೀಂ ಕೋರ್ಟು ಎಂ.ಸಿ. ಮೆಹ್ತಾ ಕೇಸಿನಲ್ಲಿ ಇನ್ನೊಂದು ದಿಕ್ಕಿಗೆ ಹೋಯ್ತು. ಅಪಾಯಕಾರಿ ಉದ್ದಿಮೆ ನಡೆಸುವವನಿಗೆ ರೈಲ್ಯಾಂಡ್ಸಿನ ಯಾವ ವಿನಾಯಿತಿಯೂ ಇಲ್ಲ, ದೈವಕೃತ್ಯವೂ ಇಲ್ಲ ಅಂತ. ಒಂದೇ ಇಂಗ್ಲಿಷ್ ನಿಯಮ ಇಲ್ಲಿ ಕೆರೆಗೆ ಬಂದಾಗ ಸಡಿಲವಾಯ್ತು, ಕಾರ್ಖಾನೆಗೆ ಬಂದಾಗ ಬಿಗಿಯಾಯ್ತು. ಗೈಡಿನಲ್ಲಿ ಮೆಹ್ತಾ ಕೇಸು ಉಂಟು, ಆದರೆ ನಲವತ್ತು ಪುಟ ಆಚೆ, ಬೇರೆ ಅಧ್ಯಾಯದಲ್ಲಿ. ಎರಡಕ್ಕೂ ಸಂಬಂಧ ಇದೆ ಅಂತ ಹೇಳುವವರಿಲ್ಲ. ಕಾರ್ವೇಟಿನಗರ ಎಲ್ಲೂ ಇಲ್ಲ.

ಕರಾರಿನ ಭಾಗದ ಬಗ್ಗೆ ಒಂದೇ ಮಾತು. ಕಾರ್ಲಿಲ್ ಕೇಸಿನಲ್ಲಿ ಸ್ಮೋಕ್ ಬಾಲ್ ಬಳಸಿಯೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್ ಕೊಡುತ್ತೇವೆ ಅಂತ ಜಾಹೀರಾತು ಕೊಟ್ಟ ಕಂಪನಿ ದುಡ್ಡು ಕಕ್ಕಬೇಕಾಯ್ತು. ಮಾತು ಕೊಟ್ಟರೆ ನಡೆಸು, ಇಲ್ಲ ಪರಿಹಾರ ಕೊಡು, ಇದೇ ಕರಾರಿನ ಕಾನೂನಿನ ತಿರುಳು ಅಂತ ಮಕ್ಕಳಿಗೆ ಹೇಳಿಕೊಡುತ್ತೇವೆ. ಅದೇ ವರ್ಷಗಳಲ್ಲಿ ಕೊಡಗಿನ ಕಾಫಿ ತೋಟದಲ್ಲಿ ಮೇಸ್ತ್ರಿಯಿಂದ ಮುಂಗಡ ಪಡೆದ ಆಳು ಕೆಲಸ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಿದ್ದರು. 1859ರ 13ನೇ ಆಕ್ಟಿನ ಪ್ರಕಾರ, ದುಡಿ ಅಥವಾ ಮುಂಗಡ ತೀರಿಸು ಅಂತ ಕೊಟ್ಟ ಆದೇಶ ಪಾಲಿಸದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಸಾಹೇಬ ಕರಾರು ಮುರಿದರೆ ಸಿವಿಲ್, ಆಳು ಮುರಿದರೆ ಜೈಲು. 1925ರಲ್ಲಿ ಆ ಕಾನೂನು ರದ್ದಾದರೂ ಕೊಡಗಿನಲ್ಲಿ 1926ರ ಕೂರ್ಗ್ ಲೇಬರ್ ಆಕ್ಟ್ ಅನ್ನುವ ಹೆಸರಲ್ಲಿ ಅದಕ್ಕೆ ಮರುಜೀವ ಬಂತು. ಲೈನ್‌ಮನೆಗಳಲ್ಲಿ ಹುಟ್ಟಿ ಬೆಳೆದ ಮಕ್ಕಳೂ ಈಗ ಕಾನೂನು ಕಾಲೇಜಿಗೆ ಬರುತ್ತಿದ್ದಾರೆ. ಅವರಿಗೆ ಕಾರ್ಲಿಲಮ್ಮನ 100 ಪೌಂಡು ಗೊತ್ತು, ತಮ್ಮ ಮುತ್ತಜ್ಜನ ಮೂರು ತಿಂಗಳು ಗೊತ್ತಿಲ್ಲ.

ಈಗ ಅರಸನ ವಿಷಯಕ್ಕೆ ಬರುತ್ತೇನೆ. ನನ್ನ ಸಿಟ್ಟಿನ ಮೂಲ ಅದು.

ಮಡಿಕೇರಿ ಕೋಟೆಯ ಅರಮನೆಯಲ್ಲಿ ಬಹುಕಾಲ ಸರ್ಕಾರಿ ಕಚೇರಿಗಳಿದ್ದವು. ಗಾರೆಯ ಎರಡು ಆನೆಗಳ ಪಕ್ಕದಲ್ಲೇ ನಾವೆಲ್ಲ ಫೈಲು ಹಿಡಿದು ಓಡಾಡಿದವರು. ಆ ಅರಮನೆಯ ಕೊನೆಯ ದೊರೆ ಚಿಕವೀರರಾಜೇಂದ್ರನನ್ನು 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಇಳಿಸಿ ಕಾಶಿಗೆ ಕಳಿಸಿತು. 1852ರಲ್ಲಿ ಆತ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಗೌರಮ್ಮ ಕ್ರೈಸ್ತಳಾದದ್ದು, ವಿಕ್ಟೋರಿಯಾ ರಾಣಿ ಅವಳ ಧರ್ಮಮಾತೆಯಾಗಿ ನಿಂತದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮಾಸ್ತಿಯವರ ಕಾದಂಬರಿಯಿಂದ ಅರಸನ ಹೆಸರು ಕರ್ನಾಟಕಕ್ಕೆಲ್ಲ ಗೊತ್ತು. ಆದರೆ ಅರಸ ಲಂಡನ್ನಿನ ಚಾನ್ಸರಿ ಕೋರ್ಟಿನಲ್ಲಿ ಕಂಪನಿಯ ಮೇಲೆ ದಾವಾ ಹೂಡಿದ್ದು ಎಷ್ಟು ಜನಕ್ಕೆ ಗೊತ್ತು? ‘ಎಕ್ಸ್-ರಾಜಾ ಆಫ್ ಕೂರ್ಗ್ ವರ್ಸಸ್ ಈಸ್ಟ್ ಇಂಡಿಯಾ ಕಂಪನಿ.’ 1860ರ ತೀರ್ಪು. ಬೀವನ್ ಅವರ ವರದಿಗಳ 29ನೇ ಸಂಪುಟ, ಪುಟ 300. ಇಂಗ್ಲಿಷ್ ಕೇಸ್ ಲಾ ಅಂದರೆ ದೂರದ ಪೈಸ್ಲಿ, ಲ್ಯಾಂಕಶೈರು ಅಂದುಕೊಂಡಿದ್ದೇವೆ. ನಮ್ಮ ಊರಿನ ಹೆಸರೇ ಅದರೊಳಗೆ ಉಂಟು.

ವಿಷಯ ಇಷ್ಟು. ಕಂಪನಿ ಕೊಟ್ಟಿದ್ದ ಪ್ರಾಮಿಸರಿ ನೋಟುಗಳು, ಅಂದರೆ ಸಾಲಪತ್ರಗಳು, ಅರಸನ ಬಳಿ ಇದ್ದವು. ಯುದ್ಧದಲ್ಲಿ ಕಂಪನಿ ರಾಜ್ಯದ ಜೊತೆ ಅವನ್ನೂ ವಶಪಡಿಸಿಕೊಂಡಿತು. ಸಾಲಗಾರನೇ ಸಾಲ ಕೊಟ್ಟವನ ಮನೆಗೆ ದಂಡೆತ್ತಿ ಹೋಗಿ, ಪೆಟ್ಟಿಗೆ ಒಡೆದು, ತಾನೇ ಬರೆದುಕೊಟ್ಟ ಪತ್ರ ಎತ್ತಿಕೊಂಡು ಬಂದ ಹಾಗೆ. ಅರಸ ಕೇಳಿದ್ದು ರಾಜ್ಯವನ್ನಲ್ಲ, ಆ ನೋಟಿನ ದುಡ್ಡನ್ನು. ಕೋರ್ಟು ಹೇಳಿದ್ದು: ಕಂಪನಿ ಇದನ್ನು ತೆಗೆದುಕೊಂಡದ್ದು ವ್ಯಾಪಾರಿಯಾಗಿ ಅಲ್ಲ, ರಾಜ್ಯಾಧಿಕಾರ ಚಲಾಯಿಸುವ ಸರ್ಕಾರವಾಗಿ. ಅದು ಪ್ರಭುತ್ವದ ಕೃತ್ಯ. ಅದರ ನ್ಯಾಯಾನ್ಯಾಯ ವಿಚಾರಿಸುವುದು ಈ ಕೋರ್ಟಿನ ಕೆಲಸ ಅಲ್ಲ. ದಾವಾ ವಜಾ. ಅಷ್ಟರಲ್ಲಿ ಅರಸ 1859ರಲ್ಲೇ ಲಂಡನ್ನಿನಲ್ಲಿ ತೀರಿಕೊಂಡಿದ್ದ. ಕಂಪನಿಯ ಆಳ್ವಿಕೆ 1858ರಲ್ಲಿ ಮುಗಿದಿತ್ತು.

ಅರಸ ಒಳ್ಳೆಯವನಾಗಿದ್ದ ಅಂತ ನಾನು ಹೇಳುತ್ತಿಲ್ಲ. ಅವನ ಕೈಗೆ ರಕ್ತ ಅಂಟಿತ್ತು ಅನ್ನುವುದು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾನೂನಿನ ಪ್ರಶ್ನೆ ಬೇರೆ. ಸರ್ಕಾರವೂ ವ್ಯಾಪಾರಿಯೂ ಒಂದೇ ಆಗಿದ್ದಾಗ, ತನಗೆ ಬೇಕಾದಾಗ ವ್ಯಾಪಾರಿಯ ಟೊಪ್ಪಿ ತೆಗೆದು ಸರ್ಕಾರದ ಕಿರೀಟ ಇಟ್ಟುಕೊಳ್ಳಬಹುದಾ? ಈ ಪ್ರಶ್ನೆ ಅರಸನ ಜೊತೆ ಸಾಯಲಿಲ್ಲ. ಮರುವರ್ಷ, 1861ರಲ್ಲಿ, ಕಲ್ಕತ್ತದಲ್ಲಿ ಪಿ ಆಂಡ್ ಓ ಹಡಗು ಕಂಪನಿಯ ಕುದುರೆಗೆ ಸರ್ಕಾರಿ ಹಡಗುಕಟ್ಟೆಯ ಕೆಲಸದವರಿಂದ ಗಾಯವಾದಾಗ ಅದೇ ಎರಡು ಮುಖದ ಮಾತು ಬಂತು. ಅಲ್ಲಿ ಸರ್ಕಾರ ದುಡ್ಡು ಕೊಡಬೇಕಾಯ್ತು; ಆದರೆ ಪ್ರಭುತ್ವದ ಕೆಲಸವಾಗಿದ್ದರೆ ಕೊಡಬೇಕಿರಲಿಲ್ಲ ಅನ್ನುವ ಗೆರೆ ಉಳಿಯಿತು. ಸ್ವಾತಂತ್ರ್ಯ ಬಂದು, ಸಂವಿಧಾನ ಬಂದು, 1965ರ ವರದಿಯಲ್ಲಿರುವ ಕಸ್ತೂರಿ ಲಾಲ್ ಕೇಸಿನಲ್ಲಿ ಆ ಗೆರೆ ಮತ್ತೆ ಕಾಣಿಸಿತು. 1947ರಲ್ಲಿ ಮೀರತ್ತಿನ ಪೊಲೀಸರು ವಶಪಡಿಸಿಕೊಂಡ ವ್ಯಾಪಾರಿಯ ಚಿನ್ನ ಠಾಣೆಯಿಂದಲೇ ಮಾಯವಾಗಿತ್ತು. ಬಂಧನ, ಜಪ್ತಿ ಇವೆಲ್ಲ ಪ್ರಭುತ್ವದ ಕೆಲಸ, ಸರ್ಕಾರ ಹೊಣೆ ಅಲ್ಲ ಅಂದಿತು ಸುಪ್ರೀಂ ಕೋರ್ಟು. ಶಾಸನ ಮಾಡಿ ಸರಿಪಡಿಸಿ ಅಂತಲೂ ಹೇಳಿತು. ಅಂಥ ಸಮಗ್ರ ಶಾಸನ ಇಂದಿಗೂ ಬಂದಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಸನ್ನದು ಸಿಕ್ಕಿ ಎರಡು ವರ್ಷ ಆಗಿರಲಿಲ್ಲ. ಒಬ್ಬ ಕಕ್ಷಿದಾರ ಬಂದ. ಸಿಲ್ವರ್ ಮರ ಸಾಗಿಸುತ್ತಿದ್ದ ಅವನ ಜೀಪನ್ನು ಒಂದು ಇಲಾಖೆಯವರು ಹಿಡಿದಿದ್ದರು. ಕೇಸು ಬಿದ್ದುಹೋಗಿ ಜೀಪು ವಾಪಸು ಸಿಗುವಷ್ಟರಲ್ಲಿ ಎರಡು ಮಳೆಗಾಲ ಕಳೆದಿತ್ತು. ಬಯಲಲ್ಲಿ ನಿಂತ ಜೀಪಿನ ತಳ ತುಕ್ಕು ಹಿಡಿದು ಉದುರಿತ್ತು, ಸೀಟಿನೊಳಗೆ ಇಲಿ ಮರಿ ಹಾಕಿತ್ತು. “ವಕೀಲ್ರೇ, ನಷ್ಟ ಕೇಳಬಹುದಾ?” ಅಂತ ಕೇಳಿದ. ನನ್ನ ತಲೆಯಲ್ಲಿ ಗೈಡಿನ ಒಂದು ಸಾಲು ಇತ್ತು: ‘ಕಸ್ತೂರಿ ಲಾಲ್, 1965, ಪ್ರಭುತ್ವದ ಕಾರ್ಯ, ಸರ್ಕಾರ ಹೊಣೆಯಲ್ಲ.’ ಅದನ್ನೇ ಹೇಳಿದೆ. “ಆಗೋದಿಲ್ಲ ಮಾರಾಯ, ಸುಪ್ರೀಂ ಕೋರ್ಟೇ ಹೇಳಿ ಆಗಿದೆ.” ಅವನು ಫೀಸು ಕೊಟ್ಟು, ನಮಸ್ಕಾರ ಹೇಳಿ ಹೋದ.

ಎಷ್ಟೋ ತಿಂಗಳ ಮೇಲೆ ಬೇರೇನೋ ಹುಡುಕುವಾಗ 1994ರ ನಾಗೇಂದ್ರ ರಾವ್ ಕೇಸು ಕಣ್ಣಿಗೆ ಬಿತ್ತು. ಆಂಧ್ರದ ಗೊಬ್ಬರದ ವ್ಯಾಪಾರಿಯ ದಾಸ್ತಾನನ್ನು ಅಧಿಕಾರಿಗಳು ಜಪ್ತಿ ಮಾಡಿ ಹಾಳುಗೆಡವಿದ್ದರು. ಜಪ್ತಿ ಮಾಡಿದ ಮಾಲನ್ನು ಎಚ್ಚರ ತಪ್ಪಿ ಹಾಳು ಮಾಡಿದರೆ ಪ್ರಭುತ್ವದ ಹೆಸರು ಹೇಳಿ ತಪ್ಪಿಸಿಕೊಳ್ಳಲಾಗದು, ಸರ್ಕಾರ ಕೊಡಬೇಕು ಅಂತ ಸುಪ್ರೀಂ ಕೋರ್ಟು ಹೇಳಿತ್ತು. ನನ್ನ ಕಕ್ಷಿದಾರ ಬರುವ ಎಷ್ಟೋ ವರ್ಷ ಮುಂಚೆಯೇ. ಅವನಿಗೆ ಹೇಳಿ ಕಳಿಸುವಷ್ಟರಲ್ಲಿ ದಾವಾ ಹೂಡುವ ಅವಧಿ ಮುಗಿದಿತ್ತು. ಅವನು ನನ್ನನ್ನು ಬಯ್ಯಲಿಲ್ಲ. ಈಗಲೂ ಸಂತೆಯಲ್ಲಿ ಸಿಕ್ಕಿದರೆ ಮಾತಾಡಿಸುತ್ತಾನೆ. ನನಗೇ ಮುಖ ಎತ್ತಲು ಕಷ್ಟ.

ಗೈಡು ತಪ್ಪು ಹೇಳಿತ್ತಾ? ಇಲ್ಲ, ಆ ಸಾಲು ಸರಿಯಾಗೇ ಇತ್ತು. ಅದು ಎಲ್ಲಿಂದ ಬಂತು, ಯಾರಿಗಾಗಿ ಹುಟ್ಟಿತು, ಎಷ್ಟು ಸವೆದಿದೆ ಅಂತ ಹೇಳಿರಲಿಲ್ಲ. ಅದು ಕಂಪನಿ ಸರ್ಕಾರದ ಕಾಲದ ಸಾಮಾನು, ಅರಸನ ನೋಟನ್ನು ನುಂಗಿದ ಮಾತಿನ ದಾಯಾದಿ ಅಂತ ನನಗೆ ಗೊತ್ತಿದ್ದರೆ, ಇದು ಇನ್ನೂ ನಿಂತಿದೆಯಾ ಅಂತ ಒಂದು ಅನುಮಾನವಾದರೂ ಬರುತ್ತಿತ್ತು. ಅನುಮಾನ ಬಂದವನು ಹುಡುಕುತ್ತಾನೆ. ಬಾಯಿಪಾಠ ಮಾಡಿದವನು ಹುಡುಕುವುದಿಲ್ಲ.

ಇಷ್ಟು ಓದಿದ ಮೇಲೆ ಕೆಲವರು ಹೇಳಬಹುದು: ಬಿಡಿ ಸಾರ್, ಈ ಇಂಗ್ಲಿಷ್ ಕೇಸುಗಳೇ ಯಾಕೆ? ಎತ್ತಿ ಬಿಸಾಡಿ ನಮ್ಮವನ್ನೇ ಓದಿಸಿ. ಬಾರ್ ಅಸೋಸಿಯೇಶನ್ನಿನ ಕಾಫಿ ಟೇಬಲ್ಲಿನಲ್ಲಿ ಈಗ ಈ ಮಾತು ಜೋರು. ನನಗೆ ಇದೂ ಒಪ್ಪಿಗೆ ಇಲ್ಲ. ಟಾರ್ಟಿಗೆ ನಮ್ಮಲ್ಲಿ ಸಂಹಿತೆ ಇಲ್ಲ. ಆ ಮನೆಯ ಬುನಾದಿಯೇ ಅಲ್ಲಿಯದು. 1872ರ ಕರಾರು ಕಾಯ್ದೆಯ 73ನೇ ಕಲಮಿನ ಹಿಂದೆ 1854ರ ಹ್ಯಾಡ್ಲಿ ವರ್ಸಸ್ ಬ್ಯಾಕ್ಸೆಂಡೇಲ್ ನಿಂತಿದೆ. ಗ್ಲಾಸ್ಟರಿನ ಹಿಟ್ಟಿನ ಗಿರಣಿಯ ಮುರಿದ ಅಚ್ಚು ತಡವಾಗಿ ಬಂದ ಕತೆ. ಕಾಫಿ ಲಾರಿ ತಡವಾದರೆ ಎಷ್ಟು ನಷ್ಟ ಕೇಳಬಹುದು ಅಂತ ಈಗಲೂ ಅದರಿಂದಲೇ ಅಳೆಯುತ್ತೇವೆ. ಅಲ್ಲದೆ ಬಿಸಾಡು ಅನ್ನುವವನೂ ಓದದವನೇ. ಗೈಡಿನವನು ಓದದೆ ಒಪ್ಪಿದ, ಇವನು ಓದದೆ ಬಿಟ್ಟ, ಅಷ್ಟೇ ವ್ಯತ್ಯಾಸ.

1887ರಲ್ಲಿ ವಾಘೇಲಾ ರಾಜಸಂಜಿ ಕೇಸಿನಲ್ಲಿ ಪ್ರಿವಿ ಕೌನ್ಸಿಲ್ ಹೇಳಿದ್ದರ ಸಾರ, ನ್ಯಾಯ, ಸಮತೆ, ಒಳ್ಳೆಯ ಅಂತಃಸಾಕ್ಷಿ ಅಂದರೆ ಸಾಮಾನ್ಯವಾಗಿ ಇಂಗ್ಲಿಷ್ ಕಾನೂನೇ, ಆದರೆ ಭಾರತದ ಸಮಾಜಕ್ಕೂ ಸನ್ನಿವೇಶಕ್ಕೂ ಅದು ಹೊಂದುವುದಾದರೆ ಮಾತ್ರ. ಈ ‘ಹೊಂದುವುದಾದರೆ’ ಅನ್ನುವ ಒಂದು ಪದವನ್ನು ನಮ್ಮ ಪಾಠದಿಂದ ಕಿತ್ತು ಹಾಕಿದ್ದೇವೆ. ವಕೀಲನ ಕೆಲಸ ಇರುವುದೇ ಆ ಪದದಲ್ಲಿ.

ಹಾಗಾದರೆ ಗೈಡು ಹೇಗಿರಬೇಕು? ಇನ್ನೂರು ಕೇಸು ಬೇಡ, ನಲವತ್ತು ಸಾಕು. 73ನೇ ಕಲಮಿನ ಪುಟದಲ್ಲೇ ಗಿರಣಿಯ ಅಚ್ಚು ಇರಲಿ. ಪ್ರತಿಯೊಂದಕ್ಕೂ ಎರಡು ಪುಟ, ತಿಳಿಗನ್ನಡದಲ್ಲಿ. ಯಾರು, ಯಾವ ಊರು, ಏನಾಯ್ತು? ಸೋತವನು ಏನು ವಾದಿಸಿದ? ಭಿನ್ನಮತ ಇತ್ತಾ? ನಮ್ಮ ಕೋರ್ಟಿಗೆ ಬಂದಾಗ ಏನಾಯ್ತು, ಇವತ್ತು ಎಷ್ಟು ಉಳಿದಿದೆ? ಇಷ್ಟಕ್ಕೆ ಉತ್ತರ ಇರಲಿ. ತತ್ವದ ಹೆಸರು ಇಂಗ್ಲಿಷಿನಲ್ಲೇ ಇರಲಿ, ಅಡ್ಡಿ ಇಲ್ಲ. ಕತೆ ನಮ್ಮ ಭಾಷೆಯಲ್ಲಿ ತಲೆಗೆ ಹೋಗಬೇಕು. ಕೆಳಗಿನ ಕೋರ್ಟುಗಳಲ್ಲಿ ದಾವಾ ಬರೆಯುವುದು, ಸಾಕ್ಷಿ ಕೇಳುವುದು ನಾವು ಕನ್ನಡದಲ್ಲೇ ತಾನೇ? ಇದನ್ನು ಮಾಡಲು ದೊಡ್ಡ ವಿದ್ವಾಂಸರು ಬೇಕಿಲ್ಲ. ನಲವತ್ತು ಮಂದಿ ಮೇಷ್ಟ್ರುಗಳು ಒಬ್ಬೊಬ್ಬರು ಒಂದೊಂದು ಕೇಸನ್ನು ಪೂರ್ತಿ ಓದಿದರೆ ಒಂದು ರಜೆಯಲ್ಲಿ ಮುಗಿಯುವ ಕೆಲಸ.

ಮರುದಿನ ಬೆಳಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಹುಡುಗಿ ಕಾಫಿ ಲೋಟ ಹಿಡಿದು ಬಂದು ಜಗಲಿಯಲ್ಲಿ ಕೂತಳು. ಅಂಗಳದ ಕಲ್ಲಿನ ಮೇಲೆ ಅಂಗೈ ಅಗಲದ ಆಫ್ರಿಕನ್ ಬಸವನ ಹುಳು ಒಂದು ಹೋಗುತ್ತಿತ್ತು. ಈಗೀಗ ಕಾಫಿ ತೋಟಗಳಲ್ಲಿ ಅದರ ಕಾಟ ನಿಮಗೆ ಗೊತ್ತೇ ಇದೆ. ಅದನ್ನೇ ನೋಡುತ್ತಾ ಕೇಳಿದಳು:

“ಚಿಕ್ಕಪ್ಪ, ಸೋತ ಆ ಇಲಿ ಕೇಸು ಹೇಳಿದ್ರಲ್ಲ, ಅದರಲ್ಲಿ ಬಾಟಲಿ ಕುಡಿದವರಿಗೆ ಆಮೇಲೆ ಏನಾದ್ರೂ ಸಿಕ್ತಾ? ಅದೇ ವಾದ, ಅದೇ ವಕೀಲ. ಇವಳು ಗೆದ್ದಳು, ಅವರು ಸೋತರು.”

“ಅದು ಪರೀಕ್ಷೆಗೆ ಬರೋದಿಲ್ಲ” ಅಂದೆ.

“ಗೊತ್ತುಂಟು” ಅಂದಳು. “ಆದ್ರೂ ಹೇಳಿ.”